ಎರಡು ಸಾವಿರ ಕೊಟ್ಟು ಲಸಿಕೆ ಹಾಕಿಸಿದವರಿಗೆ

ಮಾನ್ಯ ತಂದೆ ತಾಯಂದಿರೇ,

ಮಗುವಿಗೆ ಒಂಬತ್ತು ತಿಂಗಳು ತುಂಬುವ ಹೊತ್ತಿಗೆ ಯಾವುದೋ ಖಾಸಗಿ ಕ್ಲಿನಿಕ್ಕಿಗೆ ಹೋಗಿ ನೀವು ಟೈಫಾಯ್ಡ್ ಲಸಿಕೆ ಹಾಕಿಸಿದ್ದೀರಿ. ಎರಡು ಸಾವಿರ ರೂಪಾಯಿಯ ಆಸುಪಾಸು ಬಿಲ್ ಆಗಿದೆ. ಕೆಲವರು ಫೋನ್‌ಪೇ ಮಾಡಿ ಸುಮ್ಮನೆ ಹೊರಟಿರಿ, ಕೆಲವರು ‘ಒಂದು ಸೂಜಿಗೆ ಇಷ್ಟಾ?’ ಎಂದು ಹುಬ್ಬೇರಿಸಿ ಕೊಟ್ಟಿರಿ. ಅಂತೂ ಕೊಟ್ಟಿರಿ, ಒಳ್ಳೆಯ ಕೆಲಸ ಮಾಡಿದಿರಿ. ಈ ಪತ್ರ ನಿಮಗೆ.

ನಾನು ಹುಬ್ಬಳ್ಳಿಯಲ್ಲಿ ಮಕ್ಕಳ ಡಾಕ್ಟರು. ಆ ಲಸಿಕೆಯನ್ನು ಮಾರುವವರಲ್ಲಿ ನಾನೂ ಒಬ್ಬ. ಡಬ್ಬಿಯ ಮೇಲೆ ಅಚ್ಚಾದ ಬೆಲೆಗಿಂತ ಕಡಿಮೆಗೆ ಅದು ನಮಗೆ ಸಿಗುತ್ತದೆ. ನಡುವಿನ ಅಂತರದಲ್ಲಿ ಫ್ರಿಜ್ಜಿನ ಕರೆಂಟ್ ಬಿಲ್, ಸಿಸ್ಟರ್ ಸಂಬಳ, ನನ್ನ ಲಾಭ ಎಲ್ಲ ಸೇರಿದೆ. ಸರ್ಕಾರ ಈ ಲಸಿಕೆಯನ್ನು ಪುಕ್ಕಟೆ ಕೊಡತೊಡಗಿದರೆ ನನ್ನ ಆ ಲಾಭಕ್ಕೆ ಕತ್ತರಿ ಬೀಳುತ್ತದೆ. ನಾನು ಕೇಳಲಿರುವುದು ಅದನ್ನೇ ಆದ್ದರಿಂದ, ಲೆಕ್ಕ ಮೊದಲೇ ನಿಮ್ಮ ಮುಂದಿರಲಿ.

ನಿಮ್ಮ ಸರದಿ ಮುಗಿದ ಮೇಲೆ ಒಳಗೆ ಬರುವವರ ಬಗ್ಗೆ ಸ್ವಲ್ಪ ಹೇಳಬೇಕು. ಮಗುವಿಗೆ ಜ್ವರ ಬಂದು ವಾರ, ಹತ್ತು ದಿನ ಕಳೆದಿರುತ್ತದೆ. ಸಂಜೆಯಾದರೆ ಮೈ ಕೆಂಡ. ಊಟ ಬಿಟ್ಟಿದೆ, ಹೊಟ್ಟೆ ಉಬ್ಬಿದೆ, ನಾಲಗೆಯ ಮೇಲೆ ಬಿಳಿ ಪದರ. ಓಣಿಯ ಲ್ಯಾಬಿನಲ್ಲಿ ಮಾಡಿಸಿದ ವಿಡಾಲ್ ಟೆಸ್ಟಿನ ಚೀಟಿ ತಾಯಿಯ ಕೈಯಲ್ಲಿರುತ್ತದೆ. ಆ ಟೆಸ್ಟನ್ನು ನಂಬಿ ಅರ್ಧ ಕರ್ನಾಟಕಕ್ಕೆ ಟೈಫಾಯ್ಡ್ ಇದೆ ಎನ್ನಬಹುದು, ಇಲ್ಲವೇ ಯಾರಿಗೂ ಇಲ್ಲ ಎನ್ನಬಹುದು. ನಮ್ಮ ವೃತ್ತಿ ಅದನ್ನು ಇನ್ನೂ ಕೈಬಿಟ್ಟಿಲ್ಲ ಎಂಬುದು ಬೇರೆಯೇ ಜಗಳ. ಸರಿಯಾದ ಪರೀಕ್ಷೆ ರಕ್ತದ ಕಲ್ಚರ್. ಅದಕ್ಕೆ ದುಡ್ಡು ಹೆಚ್ಚು, ಉತ್ತರ ಬರಲು ದಿನಗಳು ಬೇಕು. ಅದಕ್ಕೂ ಮುಂಚೆ ಯಾರೋ ಕೊಟ್ಟ ಎರಡು ಮಾತ್ರೆ ಹೊಟ್ಟೆಗೆ ಹೋಗಿದ್ದರೆ ಕಲ್ಚರಿನಲ್ಲಿ ಏನೂ ಬೆಳೆಯುವುದೂ ಇಲ್ಲ.

ಬಹುತೇಕ ಮಕ್ಕಳು ಗುಣವಾಗುತ್ತಾರೆ. ಆದರೆ ಗುಣವಾಗುವುದು ಎಂದರೆ ಏನು ಎಂದು ಬಿಡಿಸಿ ನೋಡಿ. ಔಷಧಿ ಸರಿ ಬಿದ್ದರೂ ಜ್ವರ ಇಳಿಯಲು ನಾಲ್ಕೈದು ದಿನ. ಸಲೈನ್, ಇಂಜೆಕ್ಷನ್, ದಾಖಲಾತಿ. ಕೂಲಿಗೆ ಹೋಗುವ ತಾಯಿಗೆ ಅಷ್ಟೂ ದಿನ ಕೂಲಿ ಇಲ್ಲ. ತಡವಾಗಿ ಬಂದವರಲ್ಲಿ ಕೆಲವರಿಗೆ ಮೂರನೇ ವಾರದ ಹೊತ್ತಿಗೆ ಸಣ್ಣ ಕರುಳಿನ ಹುಣ್ಣು ತೂತಾಗುತ್ತದೆ. ಆಗ ಅದು ನನ್ನ ಕೈ ಮೀರಿದ ಕೆಲಸ. ಸರ್ಜನ್ ಹೊಟ್ಟೆ ತೆರೆಯಬೇಕು. ಎಂಟು ವರ್ಷದ ಹುಡುಗಿಯೊಬ್ಬಳನ್ನು ಹಾಗೆ ಕಳಿಸಿದ್ದೆ. ಬದುಕಿದಳು. ಅವಳ ಅಪ್ಪ ತರಕಾರಿ ಮಾರುವ ತಳ್ಳುಗಾಡಿಯನ್ನು ಮಾರಿದ. ತಿಂಗಳಾದ ಮೇಲೆ ಹೊಲಿಗೆಯ ಗುರುತು ತೋರಿಸಲು ಅವಳನ್ನು ಕರೆತಂದ ತಾಯಿಗೆ, ‘ಚಿಕ್ಕವನಿಗೆ ಲಸಿಕೆ ಹಾಕಿಸಿಬಿಡವ್ವಾ’ ಅಂದೆ. ಬೆಲೆ ಕೇಳಿದಳು. ಆಮೇಲೆ ಒಂದೇ ಪ್ರಶ್ನೆ: ‘ಸರ್ಕಾರಿ ದವಾಖಾನ್ಯಾಗ ಹಾಕೂದಿಲ್ಲೇನ್ರೀ ಇದನ್ನ?’

ಹಾಕುವುದಿಲ್ಲ. ಗುರುವಾರ ಅಂಗನವಾಡಿಯಲ್ಲಿ ನರ್ಸಮ್ಮ ತೆರೆಯುವ ಐಸ್ ಡಬ್ಬಿಯಲ್ಲಿ ಬಿಸಿಜಿ ಇದೆ, ಪೋಲಿಯೊ ಇದೆ, ಐದು ರೋಗಗಳಿಗೆ ಒಂದೇ ಸೂಜಿಯಾದ ಪೆಂಟಾವೇಲೆಂಟ್ ಇದೆ, ರೋಟಾ ಹನಿ ಇದೆ, ನ್ಯುಮೋನಿಯಾದ ಲಸಿಕೆ ಇದೆ, ದಡಾರ-ರುಬೆಲ್ಲಾ ಇದೆ. ಟೈಫಾಯ್ಡ್ ಇಲ್ಲ.

ನನ್ನ ಕ್ಲಿನಿಕ್ಕಿನ ಗೋಡೆಯ ಮೇಲಿನ ಲಸಿಕೆ ಪಟ್ಟಿಯನ್ನು ನೀವು ನೋಡಿರುತ್ತೀರಿ. 1985ರಲ್ಲಿ ದೇಶದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ ಶುರುವಾದಾಗ ಪುಕ್ಕಟೆ ಸಿಗುತ್ತಿದ್ದುದು ಆರು ರೋಗಗಳ ಲಸಿಕೆ. ಆಮೇಲೆ ಬಂದ ಹಲವು ಲಸಿಕೆಗಳು ಮೊದಲು ದುಡ್ಡು ಕೊಡುವವರ ಪಾಲಾಗಿದ್ದವು. ಹೆಪಟೈಟಿಸ್ ಬಿ ಹಾಗೆ, ಹಿಬ್ ಹಾಗೆ, ರೋಟಾ ಹಾಗೆ. ನ್ಯುಮೋಕಾಕಲ್ ಲಸಿಕೆಗಂತೂ ಒಂದು ಡೋಸಿಗೆ ಮೂರು ಸಾವಿರ ದಾಟಿ ಕೊಡುತ್ತಿದ್ದಿರಿ. ಐದು ರಾಜ್ಯಗಳಿಗೆ ಸೀಮಿತವಾಗಿದ್ದ ಅದನ್ನು ದೇಶಕ್ಕೆಲ್ಲ ವಿಸ್ತರಿಸುವುದಾಗಿ 2021ರ ಕೇಂದ್ರ ಬಜೆಟ್ ಭಾಷಣದಲ್ಲಿ ಹೇಳಲಾಯಿತು, ಅದೇ ವರ್ಷ ಆಯಿತು ಕೂಡ. ಅಂದರೆ ನನ್ನ ಗೋಡೆಯ ಪಟ್ಟಿಯಿಂದ ಅಂಗನವಾಡಿಯ ಐಸ್ ಡಬ್ಬಿಗೆ ಲಸಿಕೆಗಳು ನಡೆದು ಹೋಗಿವೆ, ನಿಧಾನವಾಗಿಯಾದರೂ. ಟೈಫಾಯ್ಡಿನದು ಮಾತ್ರ ಹೊಸ್ತಿಲಲ್ಲೇ ನಿಂತಿದೆ. ನಮ್ಮಲ್ಲಿ ಲಸಿಕೆ ಇಲ್ಲದ್ದರಿಂದ ನಿಂತಿದ್ದರೆ ಒಂದು ಮಾತು. ಇದರ ಕತೆ ಅದಕ್ಕೆ ಪೂರ್ತಿ ಉಲ್ಟಾ.

ಹಳೆಯ ಟೈಫಾಯ್ಡ್ ಲಸಿಕೆಯನ್ನು ಎರಡು ವರ್ಷದೊಳಗಿನ ಮಕ್ಕಳಿಗೆ ಹಾಕಿ ಪ್ರಯೋಜನ ಇರಲಿಲ್ಲ. ಬ್ಯಾಕ್ಟೀರಿಯಾದ ಮೇಲ್ಪದರದ ಸಕ್ಕರೆಯನ್ನಷ್ಟೇ ಅದರಲ್ಲಿ ಕೊಡುತ್ತಿದ್ದರು. ಕೂಸಿನ ದೇಹ ಅದನ್ನು ಗುರುತು ಹಿಡಿದು ನೆನಪಿಟ್ಟುಕೊಳ್ಳುತ್ತಿರಲಿಲ್ಲ. ಆ ಸಕ್ಕರೆಗೆ ಒಂದು ಪ್ರೋಟೀನನ್ನು ಬೆಸೆದರೆ ಎಳೆಗೂಸಿನಲ್ಲೂ ಕೆಲಸ ಮಾಡುತ್ತದೆ. ಹೀಗೆ ಬೆಸೆದದ್ದೇ ಕಾಂಜುಗೇಟ್ ಲಸಿಕೆ, ನೀವು ದುಡ್ಡು ಕೊಟ್ಟು ಹಾಕಿಸಿದ್ದು. ವಿಶ್ವ ಆರೋಗ್ಯ ಸಂಸ್ಥೆ 2017ರ ಡಿಸೆಂಬರಿನಲ್ಲಿ ಇಂಥ ಲಸಿಕೆಗೆ ಮೊದಲ ಬಾರಿ ಅರ್ಹತೆಯ ಮುದ್ರೆ ಒತ್ತಿದಾಗ ಆ ಲಸಿಕೆ ಬಂದದ್ದು ಹೈದರಾಬಾದಿನಿಂದ, ಭಾರತ್ ಬಯೋಟೆಕ್‌ನ ಕಾರ್ಖಾನೆಯಿಂದ. ಮೂರು ವರ್ಷದ ಮೇಲೆ ಮುದ್ರೆ ಬಿದ್ದ ಎರಡನೆಯದೂ ಹೈದರಾಬಾದಿನದೇ, ಬಯಾಲಾಜಿಕಲ್ ಇ ಕಂಪನಿಯದು. ಹುಬ್ಬಳ್ಳಿಯಿಂದ ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ಇಳಿಯುವ ಊರು.

ಈ ಹೈದರಾಬಾದಿನ ಲಸಿಕೆಯನ್ನು ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿಕೊಂಡು ಮಕ್ಕಳಿಗೆ ಪುಕ್ಕಟೆ ಕೊಟ್ಟ ಮೊದಲ ದೇಶ ಯಾವುದು ಗೊತ್ತೇ? ಪಾಕಿಸ್ತಾನ. 2016ರ ಕೊನೆಗೆ ಸಿಂಧ್ ಪ್ರಾಂತದಲ್ಲಿ ಕಾಣಿಸಿಕೊಂಡ ಟೈಫಾಯ್ಡ್ ತಳಿಯೊಂದು ಹೆಚ್ಚುಕಡಿಮೆ ಎಲ್ಲ ಔಷಧಿಗಳಿಗೂ ಜಗ್ಗದಂತಾಗಿತ್ತು. ಬಾಯಿಂದ ನುಂಗುವ ಔಷಧಿಗಳಲ್ಲಿ ಉಳಿದದ್ದು ಅಜಿತ್ರೊಮೈಸಿನ್ ಒಂದೇ. ಹೆದರಿದ ಪಾಕಿಸ್ತಾನ 2019ರ ನವೆಂಬರಿನಲ್ಲಿ ಸಿಂಧ್‌ನಲ್ಲಿ ಒಂಬತ್ತು ತಿಂಗಳಿಂದ ಹದಿನೈದು ವರ್ಷದವರೆಗಿನ ಸುಮಾರು 1 ಕೋಟಿ ಮಕ್ಕಳನ್ನು ಗುರಿಯಾಗಿಟ್ಟುಕೊಂಡು ಅಭಿಯಾನ ನಡೆಸಿತು. ಪುಲ್ವಾಮಾ, ಬಾಲಾಕೋಟ್ ನಡೆದ ವರ್ಷ ಅದು. ಟಿವಿಯ ಮುಂದೆ ಕೂತು ಎರಡೂ ಕಡೆಯವರು ಪರಸ್ಪರ ಶಾಪ ಹಾಕುತ್ತಿದ್ದಾಗ ಹೈದರಾಬಾದಿನ ಬಾಟಲಿಗಳು ಕರಾಚಿಯ ಶಾಲೆಗಳಲ್ಲಿ ಖಾಲಿಯಾಗುತ್ತಿದ್ದವು. ಬಡ ದೇಶಗಳಿಗೆ ಲಸಿಕೆ ಕೊಳ್ಳಲು ನೆರವಾಗುವ ಗಾವಿ ಎಂಬ ಅಂತರರಾಷ್ಟ್ರೀಯ ಒಕ್ಕೂಟ ಅದಕ್ಕೆ ಹಣ ಕೊಟ್ಟಿತು. ಆ ಮಕ್ಕಳಿಗೆ ಸಿಕ್ಕಿದ್ದಕ್ಕೆ ನನಗೆ ಸಂತೋಷವೇ. ಆಮೇಲೆ ಲೈಬೀರಿಯಾ, ಜಿಂಬಾಬ್ವೆ, ನೇಪಾಳ, ಮಲಾವಿ ಬಂದವು. 2025ರಲ್ಲಿ ಬಾಂಗ್ಲಾದೇಶವೂ ದೊಡ್ಡ ಅಭಿಯಾನ ಹೂಡಿತು.

ತಯಾರಿಸಿದ ದೇಶದಲ್ಲಿ ಅದು ಇಂದಿಗೂ ಎರಡು ಸಾವಿರ ರೂಪಾಯಿ ಇದ್ದವರಿಗೆ.

‘ನಮ್ಮಲ್ಲಿ ಟೈಫಾಯ್ಡ್ ಅಷ್ಟೊಂದು ಎಲ್ಲಿದೆ ಸಾರ್?’ ಎಂದು ನಿಮ್ಮಲ್ಲೇ ಒಬ್ಬರು ಕೇಳಿದ್ದರು. ಇದೇ ಪ್ರಶ್ನೆಗೆ ಉತ್ತರ ಹುಡುಕಲು 2017ರಿಂದ 2020ರವರೆಗೆ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನವರೂ ದೇಶದ ಬೇರೆ ಸಂಸ್ಥೆಗಳವರೂ ಸೇರಿ ನಾಲ್ಕು ಕಡೆ ಮಕ್ಕಳನ್ನು ವಾರವಾರವೂ ವಿಚಾರಿಸಿ, ಜ್ವರ ಬಂದವರ ರಕ್ತ ತೆಗೆದು ಕಲ್ಚರ್ ಮಾಡಿದರು. ಒಂದು ಲಕ್ಷ ಮಕ್ಕಳಿಗೆ ವರ್ಷಕ್ಕೆ ಎಷ್ಟು ಎಂದು ಲೆಕ್ಕ ಹಾಕಿದಾಗ ದೆಹಲಿಯ ಬಡಾವಣೆಯಲ್ಲಿ 576, ಕೋಲ್ಕತ್ತದಲ್ಲಿ 714, ವೆಲ್ಲೂರಿನಲ್ಲಿ 1,173 ಬಂತು. ವೆಲ್ಲೂರೆಂದರೆ ನಮ್ಮ ಕೋಲಾರದ ಗಡಿ ದಾಟಿದರೆ ಸಿಗುವ ಊರು. ಅಲ್ಲಿನ ಲೆಕ್ಕದಂತೆ ಹುಟ್ಟಿದಾಗಿನಿಂದ ಹತ್ತು ವರ್ಷದೊಳಗೆ ಹತ್ತು ಮಕ್ಕಳಲ್ಲಿ ಒಬ್ಬರಿಗೆ ಬರುವಷ್ಟು. ಅದೇ ಅಧ್ಯಯನದಲ್ಲಿ ಪುಣೆಯ ಬಳಿಯ ಹಳ್ಳಿಗಳಲ್ಲಿ ಸಿಕ್ಕಿದ್ದು ಬರೀ 35. ಇದನ್ನು ಮುಚ್ಚಿಡುವುದು ಸರಿಯಲ್ಲ, ಇದರ ಮಾತಿಗೆ ಮತ್ತೆ ಬರುತ್ತೇನೆ.

ಲಸಿಕೆ ವಿಚಾರದಲ್ಲಿ ಕೇಂದ್ರ ಸರ್ಕಾರಕ್ಕೆ ಸಲಹೆ ಕೊಡುವ ರಾಷ್ಟ್ರೀಯ ತಾಂತ್ರಿಕ ಸಲಹಾ ಮಂಡಳಿ 2022ರಲ್ಲಿಯೇ ‘ಟೈಫಾಯ್ಡ್ ಕಾಂಜುಗೇಟ್ ಲಸಿಕೆಯನ್ನು ಸೇರಿಸಿ’ ಎಂದು ಶಿಫಾರಸು ಮಾಡಿದೆ. ತಜ್ಞರದು ತಕರಾರಿಲ್ಲ, ಕಾರ್ಖಾನೆ ನಮ್ಮದು, ರೋಗ ನಮ್ಮದು. ಹಾಗಾದರೆ ಏನು ಅಡ್ಡ ಬಂತು?

ಒಂದು ಕಾರಣ ರೋಗದ ಸ್ವಭಾವದಲ್ಲೇ ಇದೆ. ನ್ಯುಮೋನಿಯಾ ಕೊಲ್ಲುತ್ತದೆ, ಸಾವಿನ ಸಂಖ್ಯೆ ಬಜೆಟ್ ಭಾಷಣಕ್ಕೆ ಒದಗುತ್ತದೆ. ಟೈಫಾಯ್ಡ್ ಚಿಕಿತ್ಸೆ ಸಿಕ್ಕವರಲ್ಲಿ ನೂರಕ್ಕೆ ಒಬ್ಬರನ್ನೋ ಇನ್ನೂ ಕಡಿಮೆಯನ್ನೋ ಕೊಲ್ಲುತ್ತದೆ; ಉಳಿದವರನ್ನು ಮಲಗಿಸಿ, ಬಡಕಲು ಮಾಡಿ, ಮನೆಯ ಗಂಟು ಕರಗಿಸಿ ಬಿಡುತ್ತದೆ. ಜಗತ್ತಿನಲ್ಲಿ ವರ್ಷಕ್ಕೆ 90 ಲಕ್ಷ ಮಂದಿಗೆ ಬರುತ್ತದೆ, 1,10,000 ಮಂದಿ ಸಾಯುತ್ತಾರೆ ಎಂದು 2019ಕ್ಕೆ ಸಂಬಂಧಿಸಿದಂತೆ ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಮಾರಿದ ತಳ್ಳುಗಾಡಿಗಳ ಅಂದಾಜು ಯಾರೂ ಮಾಡಿಲ್ಲ.

ಇನ್ನೊಂದು ಕಾರಣ ನೀವು. ಕೋಪ ಮಾಡಿಕೊಳ್ಳಬೇಡಿ, ನಿಮ್ಮ ತಪ್ಪು ಎಂದು ಹೇಳುತ್ತಿಲ್ಲ. ಈ ನಾಡಿನಲ್ಲಿ ಯಾರ ಮಾತಿಗೆ ಕಚೇರಿಯ ಬಾಗಿಲು ತೆರೆಯುತ್ತದೋ, ಯಾರ ಫೋನನ್ನು ಶಾಸಕರ ಪಿಎ ಎತ್ತುತ್ತಾನೋ, ಯಾರು ಪತ್ರಿಕೆಗೆ ಬರೆದರೆ ಅಚ್ಚಾಗುತ್ತದೋ, ಅವರೆಲ್ಲರ ಮಕ್ಕಳಿಗೆ ಟೈಫಾಯ್ಡ್ ಲಸಿಕೆ ಆಗಿಹೋಗಿದೆ. ಅವರ ಮಟ್ಟಿಗೆ ಸಮಸ್ಯೆ ಬಗೆಹರಿದಿದೆ. ಯಾರಿಗೆ ಬಗೆಹರಿದಿಲ್ಲವೋ ಅವರಿಗೆ ಇಂಥದೊಂದು ಲಸಿಕೆ ಇದೆ ಎಂಬುದೇ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಕೇಳುವುದು ಹೇಗೆ? ಆ ತಾಯಿ ನನ್ನ ಬಳಿ ಕೇಳಿದ ಪ್ರಶ್ನೆಯನ್ನು ವಿಧಾನಸಭೆಯಲ್ಲಿ ಕೇಳಬೇಕಿತ್ತು, ಅಲ್ಲಿಗೆ ಅವಳ ದನಿ ಮುಟ್ಟುವುದಿಲ್ಲ.

ನಿಮ್ಮ ದನಿ ಮುಟ್ಟುತ್ತದೆ ಎನ್ನುವುದಕ್ಕೆ ಹಳೆಯ ಪುರಾಣ ಬೇಡ, 2021ನ್ನೇ ನೆನಪಿಸಿಕೊಳ್ಳಿ. ಆ ಮೇ ತಿಂಗಳಲ್ಲಿ ಹದಿನೆಂಟರಿಂದ ನಲವತ್ತನಾಲ್ಕು ವರ್ಷದವರಿಗೆ ಕೋವಿಡ್ ಲಸಿಕೆ ತೆರೆದಾಗ, ಕೇಂದ್ರ ಕೈತೊಳೆದುಕೊಂಡು ‘ರಾಜ್ಯಗಳು ಕೊಂಡುಕೊಳ್ಳಲಿ, ಖಾಸಗಿ ಆಸ್ಪತ್ರೆಗಳು ಮಾರಲಿ’ ಅಂದಿತ್ತು. ಕೇಂದ್ರಕ್ಕೆ 150 ರೂಪಾಯಿಗೆ ಸಿಗುತ್ತಿದ್ದ ಡೋಸು ಖಾಸಗಿಯಲ್ಲಿ ಅದರ ಹಲವು ಪಟ್ಟು. ಆಗ ಸಾಲಿನಲ್ಲಿ ನಿಂತು ದುಡ್ಡು ಎಣಿಸಬೇಕಾದವರು ನೀವೇ ಆಗಿದ್ದಿರಿ. ಎಂಥ ಗಲಾಟೆ ಆಯಿತು! ಪತ್ರಿಕೆ, ಟಿವಿ, ವಾಟ್ಸಾಪ್ ಎಲ್ಲೆಡೆ ಅದೇ. ಆ ನೀತಿ ಮೇಲ್ನೋಟಕ್ಕೇ ಮನಸೋಇಚ್ಛೆಯದು, ತರ್ಕವಿಲ್ಲದ್ದು ಎಂದು ಸುಪ್ರೀಂ ಕೋರ್ಟು ಹೇಳಿತು. ಜೂನ್ 7ರಂದು ಪ್ರಧಾನಿ ಟಿವಿಗೆ ಬಂದು ಹದಿನೆಂಟು ದಾಟಿದ ಎಲ್ಲರಿಗೂ ಪುಕ್ಕಟೆ ಎಂದರು. ಎರಡು ತಿಂಗಳೂ ಹಿಡಿಯಲಿಲ್ಲ. ಟೈಫಾಯ್ಡ್ ಲಸಿಕೆಯ ಶಿಫಾರಸು ಕಡತದಲ್ಲಿ ಕೂತು ವರ್ಷಗಳಾದವು.

ಈಗ ನೀರಿನ ಮಾತು. ‘ಟೈಫಾಯ್ಡ್ ಬರುವುದು ಕೊಳಕು ನೀರಿನಿಂದ. ಸರ್ಕಾರ ನೀರು ಸರಿ ಮಾಡಲಿ, ಸೂಜಿ ಚುಚ್ಚುವುದೇಕೆ?’ ಎನ್ನುವವರಿದ್ದಾರೆ, ಅದರಲ್ಲೂ ಹಿರಿಯ ಎಂಜಿನಿಯರುಗಳು. ಈ ವಾದಕ್ಕೆ ನಮ್ಮ ಊರಿನಷ್ಟು ಒಳ್ಳೆಯ ಸಾಕ್ಷಿ ಇನ್ನೊಂದಿಲ್ಲ. ಹುಬ್ಬಳ್ಳಿ-ಧಾರವಾಡದಲ್ಲಿ ನಳಕ್ಕೆ ನೀರು ಬರುವುದು ಎಷ್ಟೋ ದಿನಕ್ಕೊಮ್ಮೆ. ಮಲಪ್ರಭೆಯಿಂದ ಹೊರಡುವಾಗ ಶುದ್ಧವಾಗಿಯೇ ಇರುತ್ತದೆ. ಆದರೆ ಪೈಪು ಖಾಲಿ ಬಿದ್ದಾಗ, ಒಳಗೆ ಒತ್ತಡ ಇಲ್ಲದಾಗ, ಸೋರುವ ಕೀಲುಗಳ ಮೂಲಕ ಪಕ್ಕದ ಚರಂಡಿಯ ನೀರನ್ನು ಅದು ಒಳಗೆ ಎಳೆದುಕೊಳ್ಳುತ್ತದೆ. ಬಂದ ದಿನ ಕೊಡ, ಬ್ಯಾರೆಲ್, ಸಿಂಟೆಕ್ಸ್ ಎಲ್ಲ ತುಂಬಿಟ್ಟು ಮುಂದಿನ ಸರದಿಯವರೆಗೆ ಅದರಲ್ಲೇ ಕೈ ಅದ್ದಬೇಕು. ಪ್ರಾಯೋಗಿಕವಾಗಿ ಎಂಟು ವಾರ್ಡುಗಳಿಗೆ ಇಪ್ಪತ್ತನಾಲ್ಕು ಗಂಟೆಯೂ ನೀರು ಕೊಟ್ಟಾಗ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಬಂದು ಆ ವಾರ್ಡುಗಳನ್ನೂ, ಅವುಗಳನ್ನೇ ಹೋಲುವ ಬೇರೆ ವಾರ್ಡುಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದರು. 2015ರಲ್ಲಿ ಪ್ರಕಟವಾದ ಅವರ ವರದಿಯಲ್ಲಿ ಒಂದು ಅಚ್ಚರಿ ಇತ್ತು: ಒಟ್ಟಾರೆ ಭೇದಿಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ, ಆದರೆ ಮನೆಯಲ್ಲಿ ಟೈಫಾಯ್ಡ್ ಬಂತು ಎಂದು ಹೇಳಿದ ಕುಟುಂಬಗಳು ನೂರಕ್ಕೆ 42ರಷ್ಟು ಕಡಿಮೆ ಇದ್ದವು.

ನೀರಿನ ವಾದಿಗಳ ಪರವಾಗಿ ಇದಕ್ಕಿಂತ ಬಲವಾದ ಪುರಾವೆ ನಾನು ಕಂಡಿಲ್ಲ. ಆದರೆ ಆ ವರದಿಯನ್ನು ಮಡಚಿಟ್ಟು ಊರನ್ನು ನೋಡಿ. ಎಂಟು ವಾರ್ಡುಗಳ ಪ್ರಯೋಗ 2008ರ ಸುಮಾರಿಗೆ ಪೂರ್ತಿಯಾಯಿತು. ಇಡೀ ಅವಳಿ ನಗರಕ್ಕೆ ಅದು ಯಾವಾಗ ಮುಟ್ಟಬೇಕಿತ್ತು, ಎಷ್ಟು ಸಲ ಗಡುವು ಮುಂದೆ ಹೋಯಿತು, ಎಷ್ಟು ಸಲ ರಸ್ತೆ ಅಗೆದು ಮುಚ್ಚಿದರು ಎಂದು ನಮ್ಮ ಊರಿನವರನ್ನು ಕೇಳಬೇಡಿ, ಸಂಜೆಯಾಗುತ್ತದೆ. ಆಗ ಹುಟ್ಟಿದ ಕೂಸುಗಳು ಈಗ ಕಾಲೇಜಿನ ಮೆಟ್ಟಿಲು ಹತ್ತುತ್ತಿವೆ. ಪೈಪು ಬರುವವರೆಗೆ ರೋಗ ಕಾಯುವುದಿಲ್ಲ. ಒಂಬತ್ತನೇ ತಿಂಗಳಿಗೆ ದಡಾರದ ಸೂಜಿಗೆಂದು ಬಂದ ಮಗುವಿಗೆ ಅದೇ ಸಲ ಇದನ್ನೂ ಹಾಕಿ ಕಳಿಸಬಹುದು. ತಾಯಿ ಇನ್ನೊಂದು ಸಲ ಕೂಲಿ ಬಿಟ್ಟು ಬರಬೇಕಾಗಿಲ್ಲ. ನೀರಿನ ಕೆಲಸ ನಡೆಯುತ್ತಲೇ ಇರಲಿ.

ನಿಮ್ಮಲ್ಲಿ ಹಲವರ ಅಡುಗೆಮನೆಯಲ್ಲಿ ಆರ್‌ಓ ಯಂತ್ರ ಇದೆ, ನನ್ನ ಮನೆಯಲ್ಲೂ ಇದೆ. ನಳದ ನೀರು ಸರಿಯಿಲ್ಲ ಎಂದಾಗ ಯಂತ್ರ ಕೊಂಡೆವು, ಆಮೇಲೆ ನಳದ ನೀರಿನ ಬಗ್ಗೆ ಪಾಲಿಕೆಗೆ ಹೋಗಿ ಕೇಳುವುದನ್ನು ಬಿಟ್ಟೆವು. ಟೈಫಾಯ್ಡ್ ಲಸಿಕೆಯಲ್ಲೂ ಅದೇ ನಡೆದಿದೆ. ಆದರೆ ಮನೆಯ ರಕ್ಷಣೆ ಮನೆಗಷ್ಟೇ. ನಿಮ್ಮ ಮಗ ಶಾಲೆ ಬಿಟ್ಟ ಮೇಲೆ ತಿನ್ನುವ ಪಾನಿಪುರಿಯ ನೀರಿಗೆ ಆರ್‌ಓ ಇರುವುದಿಲ್ಲ. ಬಡಿಸುವ ಕೈಯ ಯಜಮಾನ ಚಿಕ್ಕಂದಿನಲ್ಲಿ ಟೈಫಾಯ್ಡ್ ಬಂದು ಗುಣವಾಗಿ, ತನಗೇ ಗೊತ್ತಿಲ್ಲದೆ ಪಿತ್ತಕೋಶದಲ್ಲಿ ಅದನ್ನು ಇಟ್ಟುಕೊಂಡು ಓಡಾಡುತ್ತಿರಬಹುದು. ಕೋಲ್ಕತ್ತದ ಕೊಳೆಗೇರಿಗಳಲ್ಲಿ ಹಳೆಯ ಮಾದರಿಯ ಲಸಿಕೆ ಹಾಕಿ ನಡೆಸಿದ, 2009ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಲಸಿಕೆ ಹಾಕಿಸಿಕೊಳ್ಳದೆ ಅದೇ ಓಣಿಯಲ್ಲಿದ್ದವರಿಗೂ ನೂರಕ್ಕೆ 44ರಷ್ಟು ರಕ್ಷಣೆ ಸಿಕ್ಕಿತ್ತು. ಓಣಿಗೆ ಓಣಿಯೇ ಹಾಕಿಸಿಕೊಂಡಾಗ ಸಿಗುವ ಈ ಲಾಭ ನನ್ನ ಕ್ಲಿನಿಕ್ಕಿನಲ್ಲಿ ಎಷ್ಟು ಸಾವಿರ ಕೊಟ್ಟರೂ ಕೊಳ್ಳಲು ಸಿಗದು.

ಔಷಧಿಗಳ ಕತೆಯನ್ನೂ ಕೇಳಿ. ಟೈಫಾಯ್ಡಿಗೆ ಮೊದಲು ಸಿಕ್ಕ ಒಳ್ಳೆಯ ಔಷಧಿ ಕ್ಲೋರಾಂಫೆನಿಕಾಲ್. 1972ರಲ್ಲಿ ಮೆಕ್ಸಿಕೊದಲ್ಲಿ, ಅದೇ ವರ್ಷ ಪಕ್ಕದ ಕೇರಳದ ಕಲ್ಲಿಕೋಟೆಯಲ್ಲಿ, ಅದಕ್ಕೆ ಬಗ್ಗದ ಟೈಫಾಯ್ಡ್ ಹಬ್ಬಿತು. ಸಿಪ್ರೊಫ್ಲಾಕ್ಸಾಸಿನ್ ಬಂತು; ಮಾತ್ರೆಯಂಗಡಿಯಲ್ಲಿ ನೆಗಡಿಗೂ ಕೊಟ್ಟು ಕೊಟ್ಟು ಅದನ್ನೂ ಕೆಡಿಸಿದೆವು. ಈಗ ಸೆಫ್ಟ್ರಿಯಾಕ್ಸೋನ್ ಮತ್ತು ಅಜಿತ್ರೊಮೈಸಿನ್ ಮೇಲೆ ನಮ್ಮ ವಾರ್ಡುಗಳು ನಿಂತಿವೆ. ಅವೂ ಹೋದರೆ ಮುಂದೇನು ಎಂಬುದಕ್ಕೆ ಸಿಂಧ್ ಉತ್ತರ ಕೊಟ್ಟಿದೆ. ಆಗ ನಾವೂ ಲಸಿಕೆಗೆ ಓಡುತ್ತೇವೆ ಎನ್ನುವುದು ನನಗೆ ಖಾತ್ರಿ. ಅಷ್ಟು ಕೆಡುವವರೆಗೆ ಕಾಯುವುದೇಕೆ ಎಂದಷ್ಟೇ ನನ್ನ ಪ್ರಶ್ನೆ.

ದುಡ್ಡಿನ ಲೆಕ್ಕ ದೊಡ್ಡದಲ್ಲ. ಗಾವಿ ಈ ಲಸಿಕೆಯನ್ನು ಕೊಂಡ ದರ ಡೋಸಿಗೆ ಹೆಚ್ಚುಕಡಿಮೆ ಒಂದೂವರೆ ಡಾಲರು. ಸಾಗಾಟ, ಸಿರಿಂಜು ಸೇರಿಸಿ 150 ರೂಪಾಯಿ ಎಂದು ಹಿಡಿಯೋಣ. ಶಾಲೆಯಲ್ಲಿ ಕೊಡುವ ಮೊಟ್ಟೆಯ ಲೆಕ್ಕದಲ್ಲಿ ಹೇಳಿದರೆ ಇಪ್ಪತ್ತೈದು ಮೊಟ್ಟೆ. ಕರ್ನಾಟಕದಲ್ಲಿ ವರ್ಷಕ್ಕೆ ಹುಟ್ಟುವ ಮಕ್ಕಳು ಸುಮಾರು 10 ಲಕ್ಷ. ಅಷ್ಟೂ ಮಕ್ಕಳಿಗೆ ಹಾಕಿದರೆ 15 ಕೋಟಿ. ಹದಿನೈದು ವರ್ಷದೊಳಗಿನವರಿಗೆಲ್ಲ ಒಂದು ಸಲ ಶಾಲೆಗಳಲ್ಲಿ ಹಾಕಿ ಮುಗಿಸಬೇಕು ಎಂದರೆ, ಒಂದೂವರೆ ಕೋಟಿ ಮಕ್ಕಳು ಅಂದುಕೊಂಡರೂ, 225 ಕೋಟಿ, ಅದೂ ಒಮ್ಮೆ ಮಾತ್ರ. 2025-26ರ ರಾಜ್ಯ ಬಜೆಟ್ 4 ಲಕ್ಷ ಕೋಟಿ ದಾಟಿತ್ತು. ಒಂದು ಫ್ಲೈಓವರಿನ ಅಂದಾಜುಪಟ್ಟಿ ಪರಿಷ್ಕರಣೆಯಾಗುವಾಗ ಇಷ್ಟು ಹಣ ಸದ್ದಿಲ್ಲದೆ ಹೆಚ್ಚಾಗುತ್ತದೆ, ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ.

‘ಇದು ಕೇಂದ್ರದ ಕೆಲಸ, ರಾಜ್ಯ ಏನು ಮಾಡೀತು?’ ಎನ್ನಬೇಡಿ. ಲಸಿಕೆ ಕೊಂಡು ಕಳಿಸುವುದು ಕೇಂದ್ರ, ನಿಜ. ಆದರೆ ಕೇಂದ್ರಕ್ಕೆ ಕಾಯದೆ ಸ್ವಂತ ಗಂಟು ಬಿಚ್ಚಿದ ರಾಜ್ಯಗಳಿವೆ. ದೆಹಲಿ ಸರ್ಕಾರ 2004ರಿಂದಲೇ ಹಳೆಯ ಟೈಫಾಯ್ಡ್ ಲಸಿಕೆಯನ್ನು ತನ್ನ ಮಕ್ಕಳಿಗೆ ಕೊಡುತ್ತ ಬಂತು. ಹರಿಯಾಣ ನ್ಯುಮೋಕಾಕಲ್ ಲಸಿಕೆಯನ್ನು ತನ್ನ ಹಣದಲ್ಲಿ ತಂದಿತು. ರಾಜ್ಯದ ಮಾತು ಬಿಡಿ, ಒಂದು ನಗರಪಾಲಿಕೆಯೇ ಮಾಡಿ ತೋರಿಸಿದೆ. 2018ರಲ್ಲಿ ನವಿ ಮುಂಬೈ ಪಾಲಿಕೆ ಒಂಬತ್ತು ತಿಂಗಳಿಂದ ಹದಿನಾಲ್ಕು ವರ್ಷದವರೆಗಿನ ಒಂದು ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಟೈಫಾಯ್ಡ್ ಕಾಂಜುಗೇಟ್ ಲಸಿಕೆ ಹಾಕಿತು. ಸರ್ಕಾರಿ ವ್ಯವಸ್ಥೆಯೊಂದು ಇದನ್ನು ಸಾಮೂಹಿಕವಾಗಿ ಕೊಟ್ಟದ್ದು ಪ್ರಪಂಚದಲ್ಲೇ ಅದು ಮೊದಲು.

ಪುಣೆ ಹಳ್ಳಿಗಳ 35ರ ಮಾತಿಗೆ ಬರುತ್ತೇನೆಂದಿದ್ದೆ. ಹಳ್ಳಿಯಲ್ಲಿ ಇಷ್ಟು ಕಡಿಮೆ ಇರುವಾಗ ಎಲ್ಲರಿಗೂ ಹಾಕುವುದು ದಂಡವಲ್ಲವೇ ಎಂದು ಹಣಕಾಸು ಇಲಾಖೆ ಕೇಳಬಹುದು, ಕೇಳಬೇಕು ಕೂಡ. ನನ್ನ ಮಾತು ಇಷ್ಟೆ: ಹಾಗಿದ್ದರೆ ಊರುಗಳಿಂದ ಶುರು ಮಾಡಿ. ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿ, ಬಳ್ಳಾರಿ, ಮೈಸೂರು. ನೀರು ಸರದಿಯಲ್ಲಿ ಬರುವ, ಟ್ಯಾಂಕರಿಗೆ ಕಾಯುವ ಬಡಾವಣೆಗಳು ಎಲ್ಲಿವೆ ಎಂದು ಪಾಲಿಕೆಗಳಿಗೆ ಗೊತ್ತಿದೆ. ಒಂದು ಜಿಲ್ಲೆಯ ಕೆಲವು ಹಳ್ಳಿಗಳ ಅಂಕಿಯನ್ನು ರಾಯಚೂರಿನ ಹಳ್ಳಿಗೂ ಮಲೆನಾಡಿನ ಹಳ್ಳಿಗೂ ಒಂದೇ ಅಳತೆಯಲ್ಲಿ ಅಂಟಿಸುವುದು ನನಗೆ ಒಪ್ಪಿಗೆಯಿಲ್ಲ, ಆದರೂ ಊರಿಂದ ಶುರುವಾಗುವುದಕ್ಕೆ ಅಡ್ಡಿಯಿಲ್ಲ. ಇನ್ನೊಂದು ಸಂಗತಿಯನ್ನೂ ಹೇಳಬೇಕು. ಮಲಾವಿಯಲ್ಲಿ ಮೊದಲೇ ನಡೆದ ಪ್ರಯೋಗದಲ್ಲಿ, ಲಸಿಕೆ ಹಾಕಿದ ನಾಲ್ಕು ವರ್ಷಗಳ ನಂತರವೂ ರಕ್ಷಣೆ ನೂರಕ್ಕೆ 78ರಷ್ಟು ಉಳಿದಿತ್ತು. ಬಾಂಗ್ಲಾದೇಶದ ಪ್ರಯೋಗದ ಮಕ್ಕಳಲ್ಲಿ, ಅದರಲ್ಲೂ ಎರಡು ವರ್ಷದೊಳಗೆ ಹಾಕಿಸಿಕೊಂಡವರಲ್ಲಿ, ಅದು ಬೇಗ ಇಳಿಯಿತು. ಆದ್ದರಿಂದ ಶಾಲೆ ಸೇರುವ ವಯಸ್ಸಿಗೆ ಇನ್ನೊಂದು ಡೋಸು ಬೇಕಾಗಬಹುದು. ಬೇಕಾದರೆ ಲೆಕ್ಕಕ್ಕೆ ಇನ್ನೊಂದು 15 ಕೋಟಿ ಸೇರಿಸಿ.

ನೀವು ಏನು ಮಾಡಬೇಕು ಎಂದರೆ, ಮೆರವಣಿಗೆ ಬೇಡ. ಪ್ರತಿ ವರ್ಷ ಮಾರ್ಚ್ ಹೊತ್ತಿಗೆ ರಾಜ್ಯ ಬಜೆಟ್ ಬರುತ್ತದೆ. ಅದಕ್ಕೆ ಎರಡು ತಿಂಗಳು ಮೊದಲು, ನಿಮ್ಮ ಅಪಾರ್ಟ್‌ಮೆಂಟಿನ ಸಂಘದಿಂದ, ಮಕ್ಕಳ ಶಾಲೆಯ ಪೋಷಕರ ಸಮಿತಿಯಿಂದ, ರೋಟರಿಯಿಂದ, ಯಾವುದರಿಂದಲಾದರೂ, ನಿಮ್ಮ ಕ್ಷೇತ್ರದ ಶಾಸಕರಿಗೆ ಒಂದು ಪುಟದ ಪತ್ರ ಬರೆಯಿರಿ. ಪತ್ರದ ಜೊತೆ ನಿಮ್ಮ ಮಗುವಿನ ಟೈಫಾಯ್ಡ್ ಲಸಿಕೆಯ ಬಿಲ್ಲಿನ ಜೆರಾಕ್ಸ್ ಲಗತ್ತಿಸಿ. ‘ನಾವು ಕೊಟ್ಟಿದ್ದೇವೆ. ನಮ್ಮ ಮನೆ ಕೆಲಸದವಳು ಕೊಡಲಾರಳು. ಅವಳ ಮಗುವಿಗೆ ರಾಜ್ಯ ಕೊಡುವುದು ಯಾವಾಗ?’ ಎಂದು ಕೇಳಿ. ಹಾಗೇ ನಿಮ್ಮ ಮಕ್ಕಳ ಡಾಕ್ಟರ ಸಹಿಯನ್ನೂ ಕೇಳಿ ಹಾಕಿಸಿಕೊಳ್ಳಿ. ಹಾಕಲು ಹಿಂದೆಮುಂದೆ ನೋಡಿದರೆ ಕಾರಣ ನಿಮಗೆ ಈಗ ಗೊತ್ತಿದೆ. ಲಾಭದ ಮಾತು ನಾನೇ ಎತ್ತಿದ್ದೇನೆ, ಸಂಕೋಚ ಬೇಡ. ಶಾಸಕರು ‘ನೋಡೋಣ’ ಎಂದರೆ ಅಧಿವೇಶನದಲ್ಲಿ ಪ್ರಶ್ನೆ ಹಾಕುವಂತೆ ಕೇಳಿ. ಪ್ರಶ್ನೆಗೆ ಉತ್ತರ ಕೊಡುವಾಗ ಇಲಾಖೆ ಹೌದೆಂದೋ ಇಲ್ಲವೆಂದೋ ಬರೆಯಲೇಬೇಕಾಗುತ್ತದೆ. ಈವರೆಗೆ ಅದನ್ನು ಬರೆಯುವ ಕಷ್ಟ ಇಲಾಖೆಗೆ ಯಾರೂ ಕೊಟ್ಟಂತಿಲ್ಲ.

ಬಿಲ್ ಕಳೆದುಹೋಗಿದ್ದರೆ ನಮ್ಮ ಕೌಂಟರಿನಲ್ಲಿ ಕೇಳಿ, ಹಳೆಯದರ ಪ್ರತಿ ತೆಗೆದು ಕೊಡುತ್ತೇವೆ.

ಇಂತಿ,
ಹುಬ್ಬಳ್ಳಿಯ ಒಬ್ಬ ಮಕ್ಕಳ ವೈದ್ಯ